ಒಂದೇ ಸಿಕಲ್ ಸೆಲ್, ಅಕ್ಕನಿಗೆ ಒಂಥರ ತಮ್ಮನಿಗೆ ಇನ್ನೊಂಥರ

ಎಚ್.ಡಿ. ಕೋಟೆ ಕಡೆ ಬುಡಕಟ್ಟಿನವರ ಒಂದು ಹಾಡೀಲಿ ಅಕ್ಕ ತಮ್ಮ ಇಬ್ಬರಿಗೂ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇದೆ. ಅಪ್ಪನಿಂದ ಒಂದು ಅವ್ವನಿಂದ ಒಂದು ಸಿಕಲ್ ಜೀನ್ ಬಂದಿದೆ, ಇಬ್ಬರ ರಿಪೋರ್ಟಲ್ಲೂ ಅದೇ ಎಸ್‌ಎಸ್. ಅಕ್ಕ ಕೊಡಗಿಗೆ ಕಾಫಿ ಕುಯ್ಯೋಕೆ ಹೋಗಿ ಬರ್ತಾಳೆ, ತಮ್ಮ ಮಾತ್ರ ಚಳಿಗಾಲ ಬಂತು ಅಂದ್ರೆ ಮೂಳೆ ನೋವು ಅಂತ ಅಳ್ತಾ ಮೈಸೂರಿಗೆ ಅಡ್ಮಿಟ್. "ಒಂದೇ ಕಾಯಿಲೆ ಅಂತೀರಿ, ಇವಳಿಗ್ಯಾಕೆ ಏನೂ ಆಗಲ್ಲ?" ಅಂತ ಅವರವ್ವ ಕೇಳಿದ್ದಕ್ಕೆ ಡಾಕ್ಟ್ರು "ಕೆಲವರಿಗೆ ಮೈಲ್ಡ್ ಇರುತ್ತಮ್ಮ" ಅಂದು ಮುಂದಿನವರನ್ನ ಕರೆದ್ರು. ಸುಳ್ಳೇನಲ್ಲ, ಆದ್ರೆ ಅದು ಉತ್ತರವೂ ಅಲ್ಲ. ಮೊದಲ ಸುಳಿವು ಸಿಕ್ಕಮೇಲೂ ಆ ಉತ್ತರ ಹುಡುಕೋಕೆ ವಿಜ್ಞಾನಿಗಳಿಗೇ ಸುಮಾರು 60 ವರ್ಷ ಹಿಡೀತು.

1910ರಲ್ಲಿ ಷಿಕಾಗೋದ ಡಾಕ್ಟ್ರು ಜೇಮ್ಸ್ ಹೆರಿಕ್, ಗ್ರೆನಡಾದಿಂದ ಓದೋಕೆ ಬಂದಿದ್ದ ಹುಡುಗನೊಬ್ಬನ ರಕ್ತದಲ್ಲಿ ಕುಡುಗೋಲಿನ ಥರ ಬಾಗಿದ ಕಣಗಳನ್ನ ನೋಡಿ ಬರೆದ್ರು. 1949ರಲ್ಲಿ ಲೈನಸ್ ಪಾಲಿಂಗ್ ತಂಡ ತಪ್ಪು ಇರೋದು ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್‌ನಲ್ಲೇ ಅಂತ ತೋರಿಸ್ತು, 1957ರ ಹೊತ್ತಿಗೆ ವರ್ನನ್ ಇಂಗ್ರಾಮ್ ಅದರ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ಬದಲಾಗಿದೆ ಅಂತ ಹಿಡಿದ್ರು. ಅಲ್ಲಿಗೆ ಮುಗೀತು ಅಂದ್ಕೊಂಡ್ರೆ, ತಪ್ಪು ಎಲ್ಲರಿಗೂ ಅದೇ ಆದ್ಮೇಲೆ ನೋವೂ ಅಷ್ಟೇ ಇರ್ಬೇಕಲ್ವ?

ಸುಳಿವು ಮೊದಲೇ ಸಿಕ್ಕಿತ್ತು. 1948ರಲ್ಲಿ ಜಾನೆಟ್ ವಾಟ್ಸನ್ ಅನ್ನೋ ಮಕ್ಕಳ ಡಾಕ್ಟ್ರು, ಈ ಕಾಯಿಲೆ ಇರೋ ಕೂಸುಗಳು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಆರಾಮಾಗೇ ಇರ್ತವೆ ಅಂತ ಗಮನಿಸಿದ್ರು. ಹೊಟ್ಟೇಲಿರೋವಾಗ ಮಗುವಿಗೆ ಬೇರೆ ಹಿಮೋಗ್ಲೋಬಿನ್ ಇರುತ್ತೆ, ಅದೇ ಹಿಮೋಗ್ಲೋಬಿನ್ ಎಫ್. ಆಕ್ಸಿಜನ್ ಕಮ್ಮಿಯಾದಾಗ ಸಿಕಲ್ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟ್ಕೊಂಡು ಹಗ್ಗದ ಥರ ಹೊಸೆದುಕೊಳ್ಳುತ್ತೆ, ಅದರಿಂದ ಕಣ ಬಾಗಿ ರಕ್ತನಾಳ ಕಟ್ಕೊಂಡು ನೋವು ಬರುತ್ತೆ. ಎಫ್ ಮಧ್ಯ ಸಿಕ್ಕಿದ್ರೆ ಹಗ್ಗ ಮುಂದೆ ಬೆಳೆಯಲ್ಲ. ಆರೇಳು ತಿಂಗಳಾಗೋ ಹೊತ್ತಿಗೆ ಎಫ್ ಇಳೀತಾ ಬರುತ್ತೆ, ನೋವು ಶುರುವಾಗುತ್ತೆ. ಕೆಲವರಿಗೆ ಮಾತ್ರ ದೊಡ್ಡವರಾದ್ಮೇಲೂ ಎಫ್ ಅಷ್ಟಾಗಿ ಇಳಿಯಲ್ಲ.

ನಮ್ಮ ಕಡೆ ಕತೆ 1952ರಲ್ಲಿ ಶುರು, ಗುಂಡ್ಲುಪೇಟೆ ದಾಟಿದ್ರೆ ಸಿಗೋ ನೀಲಗಿರಿಯ ಬುಡಕಟ್ಟಿನವರಲ್ಲಿ ಸಿಕಲ್ ಕಣ ಸಿಕ್ತು. ಆಮೇಲೆ ಗೊತ್ತಾಗಿದ್ದು, ಭಾರತ ಮತ್ತೆ ಸೌದಿಯ ಪೂರ್ವ ಭಾಗದ ಸಿಕಲ್ ಜೀನ್ ಪಕ್ಕದಲ್ಲೇ ಇನ್ನೊಂದು ಸಣ್ಣ ಬದಲಾವಣೆ ಕೂತಿರುತ್ತೆ, ಅದು ಎಫ್ ಜಾಸ್ತಿ ಮಾಡುತ್ತೆ. ಆದ್ರೆ ಇದರಿಂದಲೇ "ಇಂಡಿಯಾದ್ದು ಮೈಲ್ಡ್" ಅನ್ನೋ ಮಾತು ಹುಟ್ಟಿ ನಮ್ಮವರಿಗೆ ಟ್ರೀಟ್‌ಮೆಂಟ್ ಕಡೆ ಅಸಡ್ಡೆ ಬಂತು ಅಂತ ನನಗನ್ಸುತ್ತೆ, ಯಾಕಂದ್ರೆ ನಾಗಪುರದ ಕಡೆ ಎಫ್ ಚೆನ್ನಾಗಿದ್ದೂ ಮತ್ತೆ ಮತ್ತೆ ಅಡ್ಮಿಟ್ ಆಗೋ ಮಕ್ಕಳಿದ್ದಾರೆ.

ಜೊತೆಗೆ ಆಲ್ಫಾ ಥಲಸೀಮಿಯಾ, ಅಂದ್ರೆ ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿ ಕಮ್ಮಿ ತಯಾರಾಗೋ ಇನ್ನೊಂದು ಜೀನ್ ತೊಂದರೆ, ಬೇರೆ ಇರಬಹುದು, ನಮ್ಮ ಬುಡಕಟ್ಟುಗಳಲ್ಲಿ ಇದು ಬಹಳ ಇದೆ. ಇದಿದ್ರೆ ರಕ್ತಕಣ ಬೇಗ ಒಡೆಯಲ್ಲ, ಒಳ್ಳೇದೇ, ಆದ್ರೆ ರಕ್ತ ಮಂದವಾಗಿ ನೋವು ಕಮ್ಮಿಯಾಗದೇ ಇರಬಹುದು! ಕೊಟ್ಟು ಕಿತ್ಕೊಳ್ಳೋದು ಅಂದ್ರೆ ಇದೇ.

2007-08ರಲ್ಲಿ ಬಿಸಿಎಲ್11ಎ ಅನ್ನೋ ಜೀನ್ ಸಿಕ್ತು, ಎಫ್‌ನ ಸ್ವಿಚ್ ಆಫ್ ಮಾಡೋದು ಇದೇ. ಇದು ಬೇರೆ ಕ್ರೋಮೋಸೋಮ್‌ನಲ್ಲಿದೆ, ಹಾಗಾಗಿ ಅಕ್ಕನಿಗೆ ಬಂದಿದ್ದೇ ತಮ್ಮನಿಗೂ ಬರ್ಬೇಕು ಅಂತಿಲ್ಲ. 2023ರ ಕೊನೇಲಿ ಬ್ರಿಟನ್ ಅಮೆರಿಕಾದಲ್ಲಿ ಒಪ್ಪಿಗೆ ಸಿಕ್ಕ ಕ್ರಿಸ್ಪರ್ ಅನ್ನೋ ಜೀನ್ ತಿದ್ದೋ ಚಿಕಿತ್ಸೆ ಈ ಜೀನನ್ನೇ ರಕ್ತದಲ್ಲಿ ಸುಮ್ಮನಾಗಿಸುತ್ತೆ. ಅಮೆರಿಕಾದ ರೇಟು 22 ಲಕ್ಷ ಡಾಲರ್, ಹಾಡೀಲಿ ಹೇಳಿದ್ರೆ ನಕ್ಕುಬಿಡ್ತಾರೆ. ನಮಗೆ ಸಿಗೋದು ಹೈಡ್ರಾಕ್ಸಿಯೂರಿಯಾ ಮಾತ್ರೆ, ಅದೂ ಎಫ್ ಏರಿಸೋದೇ.

2023ರ ಜುಲೈ 1ಕ್ಕೆ ಶುರುವಾದ ಕೇಂದ್ರದ ಸಿಕಲ್ ಸೆಲ್ ಮಿಷನ್‌ನಲ್ಲಿ ಕರ್ನಾಟಕವೂ ಇದೆ, 7 ಕೋಟಿ ಜನರನ್ನ ಟೆಸ್ಟ್ ಮಾಡೋ ಗುರಿ ಇಟ್ಕೊಂಡಿದ್ರು. ಅದರಲ್ಲಿ ಮೊದಲು ಮಾಡೋ ಸಾಲ್ಯುಬಿಲಿಟಿ ಟೆಸ್ಟ್ ನೋಡಿದ್ದೀರಾ? ಟ್ಯೂಬಲ್ಲಿ ಒಂದು ಹನಿ ರಕ್ತ ಬಿಟ್ಟು ಹಿಂದೆ ಗೆರೆ ಎಳೆದ ಕಾಗದ ಹಿಡೀತಾರೆ, ಗೆರೆ ಕಂಡ್ರೆ ಸಿಕಲ್ ಹಿಮೋಗ್ಲೋಬಿನ್ ಇಲ್ಲ, ಮಸುಕಾಗಿ ಕಾಣದೇ ಹೋದ್ರೆ ಇದೆ, ಅಷ್ಟೇ. ಎಷ್ಟು ಜೋರು ಅಂತ ಅದು ಹೇಳಲ್ಲ. ಆಮೇಲೆ ಯಾವ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಅಳೆಯೋ ಎಚ್‌ಪಿಎಲ್‌ಸಿ ಟೆಸ್ಟಿನ ರಿಪೋರ್ಟಲ್ಲಿ ಎಫ್ ಎಷ್ಟು ಪರ್ಸೆಂಟ್ ಅಂತ ಒಂದು ಸಾಲು ಇರುತ್ತೆ. ಆ ಅವ್ವ ಎರಡೂ ರಿಪೋರ್ಟನ್ನ ಪ್ಲಾಸ್ಟಿಕ್ ಕವರಲ್ಲಿ ಮಡಚಿ ಇಟ್ಕೊಂಡಿದ್ರು. ಅಕ್ಕನದು 24, ತಮ್ಮನದು 9.