ಗ್ರಾಚ್ಯುಟಿ ತಕರಾರು: ಆರು ತಿಂಗಳ ನಿಯಮ ಎಲ್ಲಿ, 240 ದಿನದ ನಿಯಮ ಎಲ್ಲಿ

ಕೆಲಸ ಬಿಟ್ಟ ಮೇಲೆ ಹಳೆಯ ಕಂಪನಿ ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದದ್ದಕ್ಕೆ ಕೊನೆಯಲ್ಲಿ ಒಟ್ಟಿಗೆ ಕೊಡುವ ಹಣ) ಕೊಡಲ್ಲ ಅಂದರೆ, ಅಥವಾ ಕಡಿಮೆ ಕೊಟ್ಟರೆ, ಏನು ನೋಡಬೇಕು ಅಂತ ಬರೆದುಕೊಂಡ ಟಿಪ್ಪಣಿ ಇದು. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆಗೆ ಇದು ಅನ್ವಯಿಸುತ್ತದೆ. ರಾಜೀನಾಮೆ ಕೊಟ್ಟವರಿಗೂ ಸಿಗುತ್ತದೆ.

ಮೊದಲು 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಗದಿತ ಅವಧಿಯ ನೌಕರರಿಗೆ, ಅಂದರೆ ಇಂತಿಷ್ಟು ಕಾಲಕ್ಕೆ ಅಂತ ಒಪ್ಪಂದದ ಮೇಲೆ ಸೇರಿದವರಿಗೆ, ಗ್ರಾಚ್ಯುಟಿ ಸಿಗಲು ಈಗ ಒಂದು ವರ್ಷದ ಸೇವೆ ಸಾಕು. ಉಳಿದವರಲ್ಲಿ ಬಹುತೇಕರಿಗೆ ಹಳೆಯ ಐದು ವರ್ಷವೇ. ಮೊತ್ತ ಲೆಕ್ಕ ಹಾಕುವ ಸೂತ್ರವೂ ಬದಲಾಗಿಲ್ಲ.

ಈಗ ತಲೆ ಕೆಡಿಸುವ ಭಾಗ. 'ಆರು ತಿಂಗಳು ದಾಟಿದರೆ ಒಂದು ವರ್ಷ' ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ 4 ವರ್ಷ 7 ತಿಂಗಳು ದುಡಿದವರಿಗೆ 5 ವರ್ಷ ಆಯಿತು, ಗ್ರಾಚ್ಯುಟಿ ಬರಬೇಕು, ಅಲ್ವಾ? ಇಲ್ಲ. ಆರು ತಿಂಗಳ ನಿಯಮ ಇರುವುದು ಮೊತ್ತ ಲೆಕ್ಕ ಹಾಕುವುದಕ್ಕೆ ಮಾತ್ರ. ಅರ್ಹತೆ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ಅದು ಬರುವುದೇ ಇಲ್ಲ. ಮೊದಲು ಅರ್ಹತೆ, ಅದು ಇದ್ದರೆ ಮಾತ್ರ ಮೊತ್ತ. ಈ ಕ್ರಮ ತಪ್ಪಿದರೆ ಎಲ್ಲವೂ ಗೋಜಲು.

ಅರ್ಹತೆಗೆ ಬೇಕಾದದ್ದು 'ನಿರಂತರ ಸೇವೆ'. ಅದರ ವಿವರಣೆಯಲ್ಲಿ 240 ದಿನದ ಮಾತು ಬರುತ್ತದೆ: 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷದ ನಿರಂತರ ಸೇವೆ ಅಂತ ಎಣಿಸಬೇಕು. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಗೆ 240 ಅಲ್ಲ, 190. ಐದು ದಿನದ ವಾರದ ಆಫೀಸಿನವರು ಈ ಸಾಲನ್ನು ಹಾರಿಸಿಯೇ ಓದುತ್ತಾರೆ! ಐದನೇ ವರ್ಷದಲ್ಲಿ ಇಷ್ಟು ದಿನ ತುಂಬಿದರೆ ಐದು ವರ್ಷ ಆದ ಹಾಗೆ ಅಂತ ಮದ್ರಾಸ್ ಹೈಕೋರ್ಟ್ ಮೆಟ್ಟೂರ್ ಬಿಯರ್ಡ್‌ಸೆಲ್ ಪ್ರಕರಣದಲ್ಲಿ ಹೇಳಿತು. ಆದರೆ ಇದನ್ನು ಕಂಪನಿಗಳು ಸುಮ್ನೆ ಒಪ್ಪುವುದಿಲ್ಲ. ಎಲ್ಲ ಕೋರ್ಟುಗಳೂ ಒಂದೇ ಥರ ನೋಡಿಲ್ಲ. ರಾಜೀನಾಮೆ ಇನ್ನೂ ಕೊಟ್ಟಿಲ್ಲದಿದ್ದರೆ ಪೂರ್ತಿ ಐದು ವರ್ಷ ಮುಗಿಸುವುದೇ ಜಾಣತನ.

ಮೇಲಿನ 4 ವರ್ಷ 7 ತಿಂಗಳಿಗೆ ವಾಪಸ್ ಬರೋಣ. ಏಳು ತಿಂಗಳಲ್ಲಿ ಇರುವುದೇ ಸುಮಾರು 212 ದಿನ. ಆರು ದಿನದ ವಾರದ ಕಡೆ 240 ತುಂಬುವ ಮಾತೇ ಇಲ್ಲ.

ಮೊತ್ತದ ಸೂತ್ರ: ಕೊನೆಯ ತಿಂಗಳ ವೇತನ ಭಾಗಿಸು 26, ಗುಣಿಸು 15, ಗುಣಿಸು ವರ್ಷ. 30 ಯಾಕಲ್ಲ? ತಿಂಗಳ ಸಂಬಳವನ್ನು ಕೆಲಸದ ದಿನಗಳಿಗೆ ಹಂಚಬೇಕು, ನಾಲ್ಕು ಭಾನುವಾರ ಬಿಟ್ಟರೆ 26. ಸುಪ್ರೀಂ ಕೋರ್ಟ್ 1980ರಲ್ಲಿ ದಿಗ್ವಿಜಯ್ ವುಲನ್ ಮಿಲ್ಸ್ ಪ್ರಕರಣದಲ್ಲಿ ಇದನ್ನು ಒಪ್ಪಿತು, ಆಮೇಲೆ ಕಾಯ್ದೆಗೇ ಸೇರಿತು. ನನ್ನ ಅಚ್ಚುಮೆಚ್ಚಿನ ಉಪಾಯ: ವೇತನ 26,000 ಅಂತ ಇಟ್ಟುಕೊಂಡು ಅಭ್ಯಾಸ ಮಾಡಿ. ವರ್ಷಕ್ಕೆ ಸರಿಯಾಗಿ 15,000 ಬರುತ್ತದೆ. 6 ವರ್ಷ 7 ತಿಂಗಳಾದರೆ 7 ವರ್ಷ, ಅಂದರೆ 1,05,000. 6 ವರ್ಷ 5 ತಿಂಗಳಾದರೆ 90,000. ಸರಿಯಾಗಿ ಆರು ತಿಂಗಳಿದ್ದರೆ? ಏರುವುದಿಲ್ಲ, ಆರು ತಿಂಗಳು 'ಮೀರಬೇಕು'. ಕಂಪನಿ 30ರಿಂದ ಭಾಗಿಸಿದ್ದರೆ 7 ವರ್ಷಕ್ಕೆ 91,000 ಬರುತ್ತದೆ, 14,000 ಖೋತಾ. ಕಡಿಮೆ ಮೊತ್ತದ ತಕರಾರು ಕಂಡರೆ ನಾನು ಮೊದಲು ನೋಡುವುದು ಇದನ್ನೇ.

'ವೇತನ' ಅಂದರೆ ಹಳೆಯ ಕಾಯ್ದೆಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ. ಹೊಸ ಸಂಹಿತೆಯಲ್ಲಿ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ್ದು ವೇತನಕ್ಕೆ ಸೇರುತ್ತದೆ.

ನೋಟಿಸ್ ಅವಧಿ ಪೂರೈಸಿಲ್ಲ, ಆದ್ದರಿಂದ ಗ್ರಾಚ್ಯುಟಿ ಇಲ್ಲ ಅಂದರೆ? ಮುಟ್ಟುಗೋಲು ಹಾಕುವುದಕ್ಕೆ ಕಾನೂನಿನಲ್ಲಿ ಕಾರಣಗಳ ಪಟ್ಟಿಯೇ ಇದೆ: ಬೇಕಂತಲೇ ಅಥವಾ ನಿರ್ಲಕ್ಷ್ಯದಿಂದ ಕಂಪನಿಯ ಆಸ್ತಿಗೆ ಹಾನಿ, ಹಿಂಸೆ, ನೈತಿಕ ಅಧಃಪತನದ ಅಪರಾಧ, ಅದೂ ಅದೇ ಕಾರಣಕ್ಕೆ ಕೆಲಸದಿಂದ ತೆಗೆದಿದ್ದರೆ. ನೋಟಿಸ್ ಅವಧಿ ಆ ಪಟ್ಟಿಯಲ್ಲಿಲ್ಲ.

ಹಣ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ಕೋರ್ಟಿಗೆ ಓಡಬೇಕಿಲ್ಲ. ಮೊದಲು ಕಂಪನಿಗೆ ಬರಹದಲ್ಲಿ ಕೇಳಿ. ಆಗದಿದ್ದರೆ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ. ಮೊತ್ತದ ಬಗ್ಗೆ ಜಗಳ ಇದ್ದರೂ, ಕಂಪನಿ ತಾನು ಒಪ್ಪುವಷ್ಟನ್ನು ಪ್ರಾಧಿಕಾರದ ಬಳಿ ಠೇವಣಿ ಇಡಲೇಬೇಕು. ಅರ್ಜಿಯಲ್ಲೇ ಈ ಮಾತು ಎತ್ತಿ, ನೇಮಕಾತಿ ಪತ್ರ, ಬಿಡುಗಡೆ ಪತ್ರ, ಕೊನೆಯ ತಿಂಗಳ ಸಂಬಳ ಚೀಟಿ ಜೊತೆಗಿಡಿ.