ಹೆಸರು ಗೊತ್ತಾಗದ ಹಾಗೆ ಮೆಸೇಜ್ ಮಾಡೋಕೆ ಯಾವ ಆ್ಯಪ್ ಒಳ್ಳೇದು?

ಪ್ರಶ್ನೆ: ಆಫೀಸಿನ ಒಂದು ಅವ್ಯವಹಾರದ ಬಗ್ಗೆ ಪತ್ರಕರ್ತರೊಬ್ಬರಿಗೆ ತಿಳಿಸಬೇಕು. ವಾಟ್ಸ್ಆ್ಯಪ್, ಟೆಲಿಗ್ರಾಂ, ಸಿಗ್ನಲ್, ಯಾವುದರಲ್ಲಿ ನನ್ನ ಗುರುತು ಸಿಗುವುದಿಲ್ಲ?

ಉತ್ತರ: ಗುರುತು ಯಾರಿಗೆ ಸಿಗಬಾರದು? ಪತ್ರಕರ್ತರಿಗೋ, ಆ್ಯಪ್ ಕಂಪನಿಗೋ, ಪೊಲೀಸರಿಗೋ? ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಮೆಸೇಜನ್ನು ಗೂಢಲಿಪಿಗೆ ತಿರುಗಿಸುವುದು) ಕಾಯುವುದು ನೀವು ಬರೆದದ್ದನ್ನು. ಬರೆದವರು ಯಾರು ಅನ್ನೋದು ಬೇರೆ ವಿಷಯ.

ವಾಟ್ಸ್ಆ್ಯಪ್ ಇದಕ್ಕೆ ಬೇಡವೇ ಬೇಡ. ಮಾಮೂಲಾಗಿ ನಿಮ್ಮ ನಂಬರ್ ಎದುರಿನವರಿಗೆ ಕಾಣುತ್ತದೆ.

ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು. ಜನ ಅಷ್ಟಕ್ಕೇ ಸಮಾಧಾನ ಪಡುತ್ತಾರೆ. ಆದರೆ 'ಸೀಕ್ರೆಟ್ ಚಾಟ್' ಬಿಟ್ಟರೆ ಉಳಿದ ಚಾಟ್‌ಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್, ಅಂದರೆ ಕಂಪನಿಯೂ ಓದಲಾಗದಂಥ ಬೀಗ, ಇಲ್ಲ. 2024ರ ಆಗಸ್ಟ್‌ನಲ್ಲಿ ಅದರ ಮುಖ್ಯಸ್ಥ ಪಾವೆಲ್ ದುರೋವ್ ಫ್ರಾನ್ಸಿನಲ್ಲಿ ಬಂಧನಕ್ಕೊಳಗಾದರು. ಮುಂದಿನ ತಿಂಗಳೇ ಕಂಪನಿ ನಿಯಮ ಬದಲಿಸಿತು: ಕಾನೂನುಬದ್ಧವಾಗಿ ಕೇಳಿದರೆ ನಿಯಮ ಮುರಿದವರ ನಂಬರ್, ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಕೊಡಬಹುದು.

ಮೂರರಲ್ಲಿ ನನ್ನ ಓಟು ಸಿಗ್ನಲ್‌ಗೆ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿ (ಅಪರಾಧ ಪ್ರಕರಣಗಳ ತನಿಖೆಗೆ ಕೂರುವ ನಾಗರಿಕರ ಮಂಡಳಿ) ಒಂದು ಖಾತೆಯ ವಿವರ ಕೇಳಿದಾಗ ಸಿಗ್ನಲ್ ಹತ್ತಿರ ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸಿಗ್ನಲ್‌ನ ಸರ್ವರ್‌ಗೆ ಸಂಪರ್ಕವಾದ ದಿನ. ಕೂಡಿಡದೇ ಇದ್ದದ್ದನ್ನು ಕೊಡೋದು ಹೇಗೆ ಅಲ್ವಾ? 2024ರಿಂದ ಯೂಸರ್‌ನೇಮ್ ಸೌಲಭ್ಯವೂ ಇದೆ, ನಂಬರಿನ ಬದಲು ಅದನ್ನು ಕೊಟ್ಟರೆ ಸಾಕು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಫೋನ್ ನಂಬರ್. ಅಲ್ಲಿ ನಂಬರ್ ಯಾರು ನೋಡಬಹುದು, ನಂಬರಿನಿಂದ ಯಾರು ಹುಡುಕಬಹುದು ಎಂಬ ಎರಡಕ್ಕೂ 'ನೋಬಡಿ' ಒತ್ತಿ. ಪ್ರೊಫೈಲ್ ಹೆಸರು, ಫೋಟೊ ನಿಮ್ಮದೇ ಇದ್ದರೆ ಇದೆಲ್ಲ ಸುಮ್ನೆ ದಂಡ.

ಆದರೂ ಒಂದು ಸಂದಿ ಉಳಿಯುತ್ತದೆ. ಖಾತೆ ತೆರೆಯಲು ಸಿಗ್ನಲ್‌ಗೂ ನಂಬರ್ ಬೇಕು. ಚಾಲ್ತಿಯಲ್ಲಿರುವ ಯೂಸರ್‌ನೇಮ್ ಹಿಡಿದು ಕೋರ್ಟ್ ಮೂಲಕ ಕೇಳಿದರೆ ಅದರ ಹಿಂದಿನ ನಂಬರ್ ಸಿಗಬಹುದು. ನಮ್ಮಲ್ಲಿ ಸಿಮ್ ಕೊಳ್ಳುವಾಗಲೇ ಆಧಾರ್‌ನಂಥ ಗುರುತಿನ ದಾಖಲೆ ಕೊಟ್ಟಿರುತ್ತೇವಲ್ಲ, ಅಲ್ಲಿಂದ ಮನೆ ವಿಳಾಸಕ್ಕೆ ಒಂದೇ ಹೆಜ್ಜೆ.

ನಂಬರೇ ಕೇಳದ ಆ್ಯಪ್‌ಗಳೂ ಇವೆ. ಸೆಷನ್ ಉದ್ದನೆಯ ಒಂದು ಐಡಿ ಕೊಡುತ್ತದೆ, ಮೆಸೇಜನ್ನು ಹಲವು ಕಂಪ್ಯೂಟರ್‌ಗಳ ಮೂಲಕ ಸುತ್ತಿಸಿ ಕಳಿಸಿ ಐಪಿ ವಿಳಾಸ ಮರೆಮಾಡುತ್ತದೆ. ಬ್ರಯರ್ ಅನ್ನುವ ಆ್ಯಪ್ ಟಾರ್ ಜಾಲ (ಐಪಿ ವಿಳಾಸ ಮರೆಮಾಡುವ ಇಂಥದ್ದೇ ವ್ಯವಸ್ಥೆ) ಬಳಸುತ್ತದೆ. ಆದರೆ ಬ್ರಯರ್, ಥ್ರೀಮಾ, ಎಲಿಮೆಂಟ್ ಸೇರಿ 14 ಆ್ಯಪ್‌ಗಳನ್ನು ಭಾರತ ಸರ್ಕಾರ 2023ರ ಮೇನಲ್ಲಿ ನಿರ್ಬಂಧಿಸಿತು. ಸೆಷನ್ ಬಳಸುವುದಾದರೆ ಪತ್ರಕರ್ತರ ಫೋನಿನಲ್ಲೂ ಅದು ಇರಬೇಕು. ಅವರನ್ನು ಒಪ್ಪಿಸಲು ಆದರೆ ಅದನ್ನೇ ಬಳಸಿ.

ಆಫೀಸಿನ ಫೋನ್, ಲ್ಯಾಪ್‌ಟಾಪ್, ವೈಫೈ ಮುಟ್ಟಬೇಡಿ. ಇನ್ನೊಂದು, ಕಳಿಸಲಿರುವ ಫೈಲ್ ಆಫೀಸಿನಲ್ಲಿ ಎಷ್ಟು ಜನರ ಕೈಗೆ ಬಂದಿದೆ ನೋಡಿಕೊಳ್ಳಿ. ಮೂರೇ ಜನಕ್ಕೆ ಬಂದಿದ್ದರೆ ಯಾವ ಆ್ಯಪ್ ಬಳಸಿದರೂ ಅನುಮಾನ ಮೂವರ ಮೇಲೇ. ಆಗ ಫೈಲ್ ಬಿಟ್ಟು ವಿಷಯವನ್ನಷ್ಟೇ ಬರೆದು ತಿಳಿಸಿ.