ಜ್ವರದ ಸುದ್ದಿಗೆ ಒಂದು ವಾರದ ಗಡುವು

ಡೆಂಗಿ ರೋಗಿಯ ರಕ್ತದಲ್ಲಿ ವೈರಸ್ ಹೇರಳವಾಗಿರುವುದು ಜ್ವರ ಶುರುವಾದ ಮೇಲೆ ಸುಮಾರು 5 ದಿನ. ಆಗ ಕಚ್ಚಿದ ಈಡಿಸ್ ಸೊಳ್ಳೆ ಇನ್ನೊಬ್ಬರಿಗೆ ಸೋಂಕು ದಾಟಿಸಲು 8ರಿಂದ 12 ದಿನ ಬೇಕು. ನಿಂತ ನೀರಿನಲ್ಲಿ ಸೊಳ್ಳೆಮರಿ ಹುಡುಕುವ ಲಾರ್ವಾ ಸಮೀಕ್ಷೆಯ ತಂಡಕ್ಕೆ ಸಿಗುವ ಸಮಯ ಅಷ್ಟೇ. ಆ ಅವಧಿಯ ಬಹುಪಾಲನ್ನು ಹಿಂದೆ ಕಾಗದವೇ ನುಂಗುತ್ತಿತ್ತು.

2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಮೂರು ನಮೂನೆಗಳಿವೆ. ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತೆ ತುಂಬುವುದು ಎಸ್, ವೈದ್ಯರ ಅಂದಾಜಿನದು ಪಿ, ಪ್ರಯೋಗಾಲಯ ಖಚಿತಪಡಿಸಿದ್ದು ಎಲ್. ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ ವಾರಕ್ಕೊಮ್ಮೆ ಹೋಗುತ್ತಿತ್ತು. ಎಸ್ ಮತ್ತು ಪಿಯಲ್ಲಿ ಇರುತ್ತಿದ್ದದ್ದು ಬರೀ ಸಂಖ್ಯೆ. ಯಾವ ಬೀದಿ, ಯಾವ ಮನೆ ಎಂಬುದು ಗೊತ್ತಾಗುತ್ತಿರಲಿಲ್ಲ.

ಸಮಗ್ರ ಆರೋಗ್ಯ ಮಾಹಿತಿ ವೇದಿಕೆ, ಅಂದರೆ ಐಎಚ್‌ಐಪಿ ಎಂಬ ಆನ್‌ಲೈನ್ ವ್ಯವಸ್ಥೆ, 2018ರ ನವೆಂಬರ್‌ನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಶುರುವಾಗಿ 2021ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂತು. ಒಂದೊಂದು ರಾಜ್ಯವೂ ತನ್ನದೇ ತಂತ್ರಾಂಶ ಕಟ್ಟುವ ಬದಲು ರೋಗಪಟ್ಟಿ, ಊರುಗಳ ಪಟ್ಟಿ, ಆಸ್ಪತ್ರೆಗಳ ನೋಂದಣಿ, ನಕ್ಷೆ ಎಲ್ಲವೂ ಇಲ್ಲಿ ಎಲ್ಲರಿಗೂ ಒಂದೇ. ಮಾಹಿತಿ ರೋಗಿವಾರು, ದಿನದ ದಿನವೇ ಸೇರುತ್ತದೆ. ಹೀಗೆ ಹಂಚಿಕೊಂಡ ವ್ಯವಸ್ಥೆಯ ನಿಜವಾದ ಬಲ ಆ್ಯಪ್‌ನಲ್ಲಿಲ್ಲ, ಈ ಪಟ್ಟಿಗಳಲ್ಲಿದೆ.

ಎಡವುವುದೂ ಅಲ್ಲೇ. ಖಾಸಗಿ ಲ್ಯಾಬಿನ ತಂತ್ರಾಂಶದಲ್ಲಿ ಪರೀಕ್ಷೆಯ ಹೆಸರು ‘ಡೆಂಗಿ ಪ್ರೊಫೈಲ್’ ಎಂದಷ್ಟೇ ಇದ್ದರೆ, ಅದು ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಯೋ ಪ್ರಯೋಗಾಲಯದಲ್ಲಿ ಮಾಡುವ ಎಲೈಸಾವೋ ತಿಳಿಯದು. ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಮೊದಲ 5 ದಿನ ವೈರಸ್‌ನ ಪ್ರೋಟೀನ್ ಹುಡುಕುವ ಎನ್‌ಎಸ್‌1 ಎಲೈಸಾ, ನಂತರ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪಾಸಿಟಿವ್ ಬಂದರೆ ಖಚಿತ; ಕಾರ್ಡ್ ಪರೀಕ್ಷೆಯಷ್ಟೇ ಸಾಲದು. ಆದ್ದರಿಂದ ಲ್ಯಾಬಿನ ತಂತ್ರಾಂಶವನ್ನು ಐಎಚ್‌ಐಪಿಗೆ ಜೋಡಿಸುವ ಮೊದಲೇ ಅದರ ಪ್ರತಿ ಪರೀಕ್ಷೆಯನ್ನೂ ಕಿಟ್‌ನ ಬಗೆ ಸಹಿತ ಎಲ್ಲರಿಗೂ ಒಂದೇ ಆದ ಸಂಕೇತಕ್ಕೆ ಹೊಂದಿಸಬೇಕು. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟು ಡ್ಯಾಶ್‌ಬೋರ್ಡ್‌ಗೆ ಹಣ ಸುರಿಯುವುದು ವ್ಯರ್ಥ.

ವಿಳಾಸ ಇನ್ನೊಂದು ತೊಡಕು. ಹಳ್ಳಿಯ ರೋಗಿ ನಗರದ ಆಸ್ಪತ್ರೆಯಲ್ಲಿ ದಾಖಲಾದಾಗ ಆಸ್ಪತ್ರೆಯ ವಾರ್ಡೇ ವಿಳಾಸವಾಗಿ ಕೂತರೆ, ತಂಡ ಹೋಗುವುದು ತಪ್ಪು ಬೀದಿಗೆ. ಊರಿನ ಹೆಸರನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತಿರಬೇಕು. ಜ್ವರ ಬರುವ ಮುಂಚಿನ ಎರಡು ವಾರ ರೋಗಿ ಎಲ್ಲಿದ್ದರು ಎಂಬುದನ್ನೂ ಕೇಳಬೇಕು. ಮೊಬೈಲ್ ಸಂಖ್ಯೆಯೊಂದರಿಂದಲೇ ಪಿ ಮತ್ತು ಎಲ್ ದಾಖಲೆಗಳನ್ನು ಕೂಡಿಸಿದರೆ, ಒಂದೇ ಫೋನ್ ಬಳಸುವ ಅಮ್ಮ-ಮಗು ಒಬ್ಬ ರೋಗಿಯಾಗಿಬಿಡುತ್ತಾರೆ. ಹೆಸರು, ವಯಸ್ಸು, ಊರು ಮೂರನ್ನೂ ತಾಳೆ ನೋಡಿ, ಅನುಮಾನ ಬಂದದ್ದನ್ನು ಜಿಲ್ಲಾ ಕಣ್ಗಾವಲು ಘಟಕದ ಸಿಬ್ಬಂದಿಯ ತೀರ್ಮಾನಕ್ಕೆ ಬಿಡುವುದು ಕ್ಷೇಮ.

ನೆಟ್‌ವರ್ಕ್ ಇಲ್ಲದ ಕಡೆ ದಾಖಲೆ ಫೋನಿನಲ್ಲೇ ಉಳಿದು, ಸಿಕ್ಕಾಗ ಹೋಗಬೇಕು. ಸರ್ವರ್‌ನಿಂದ ಸ್ವೀಕೃತಿ ಬರುವವರೆಗೆ ಅಳಿಸಬಾರದು. ಪ್ರಕರಣವಿಲ್ಲದ ದಿನವೂ ‘ಸೊನ್ನೆ’ ಎಂದು ವರದಿ ಕಳಿಸಲೇಬೇಕು. ಇಲ್ಲವಾದರೆ ಜ್ವರವಿಲ್ಲದ ಊರೂ ವರದಿಯೇ ಬಾರದ ಊರೂ ನಕ್ಷೆಯಲ್ಲಿ ಒಂದೇ ರೀತಿ ಕಾಣುತ್ತವೆ.